ಚಳಿ ಬಾರದ ವರ್ಷ ಜೋಳದ ಪೀಪಾಯಿ

ಸಂಕ್ರಮಣ ಕಳೆದು ವಾರವಾಯಿತು. ನಮ್ಮ ಮನೆಯಲ್ಲಿ ಎರಡನೆಯ ಕೌದಿ ಇನ್ನೂ ಟ್ರಂಕಿನಿಂದ ಹೊರಗೆ ಬಂದಿಲ್ಲ. ವಿಜಯಪುರದವರಿಗೆ ಇದು ಸಣ್ಣ ಮಾತಲ್ಲ. ಚಳಿಗಾಲದಲ್ಲಿ ರಾಜ್ಯದ ಒಳನಾಡಿನ ಅತಿ ಕಡಿಮೆ ಉಷ್ಣಾಂಶ ಎಂದು ಪತ್ರಿಕೆಯಲ್ಲಿ ಒಮ್ಮೆ ಬೀದರದ ಹೆಸರು, ಒಮ್ಮೆ ನಮ್ಮೂರಿನ ಹೆಸರು ಬರುವುದನ್ನು ನೋಡುತ್ತ ಬಂದವಳು ನಾನು. ಈ ಸಲ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ಮೊಮ್ಮಕ್ಕಳು ಸ್ವೆಟರ್ ಇಲ್ಲದೆ ನೋಡಿ ಬಂದರು.

ಪಡಸಾಲೆಯಲ್ಲಿ ಇದೇ ಚರ್ಚೆ. ಮಗ “ಇದು ಎಲ್ ನಿನೋ ಇದ್ದಂಗ, ಬರ್ತದ, ಹೋಗ್ತದ” ಎನ್ನುತ್ತಾನೆ. ಮೈದುನರು “1972ರ ಬರ ನೋಡಿದವರು ನಾವು, ಹವಾ ಯಾವಾಗ ಒಂದೇ ನಮೂನಿ ಇತ್ತು?” ಎಂದು ಎಲೆ ಅಡಿಕೆ ಮಡಚುತ್ತಾರೆ. ಮೊಮ್ಮಗಳು ಭೂಮಿಯೇ ಕಾಯುತ್ತಿದೆ ಎಂದು ಮೊಬೈಲ್ ಹಿಡಿದುಕೊಂಡು ಇಬ್ಬರಿಗೂ ಅಂಕಿ ಓದಿ ಹೇಳುತ್ತಾಳೆ. ಮೂವರೂ ಎರಡು ತಾಸು ವಾದ ಮಾಡಿದರು. ಅವರ ಬೆನ್ನ ಹಿಂದೆಯೇ ಇದ್ದ ಜೋಳದ ಪೀಪಾಯಿಯ ಮುಚ್ಚಳವನ್ನು ಒಬ್ಬರೂ ತೆಗೆದು ನೋಡಲಿಲ್ಲ. ನಾನು ತೆಗೆದು ಮೊಣಕೈವರೆಗೆ ಕೈ ಇಳಿಸಿದರೆ ಒಳಗೆ ಬೆಚ್ಚಗಿತ್ತು, ಕೈ ಹಿಟ್ಟು ಮೆತ್ತಿಕೊಂಡು ಬಂತು. ಜೋಳ ತಾನಾಗಿ ಬಿಸಿಯಾಗುವುದಿಲ್ಲ. ನುಸಿ ಹಿಡಿದರೆ ಆಗುತ್ತದೆ.

ಇದನ್ನು ಬರೆಯಲು ಕೂತದ್ದೇ ಆ ಸಿಟ್ಟಿಗೆ. ದೀಪಾವಳಿಗೆ ಒಮ್ಮೆ ಕಾಳು ಬಿಸಿಲಿಗೆ ಹಾಕಿದರೆ ಯುಗಾದಿಯವರೆಗೆ ಚಿಂತೆಯಿಲ್ಲ ಎಂದು ಸೊಸೆಯಂದಿರಿಗೆ ಹೇಳಿಕೊಟ್ಟವಳು ನಾನೇ, ಒಪ್ಪುತ್ತೇನೆ. ಆದರೆ ಆ ಮಾತು ಚಳಿಯನ್ನು ನಂಬಿ ಹೇಳಿದ್ದು. ನುಸಿ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ಮೇಲೆ ಬಿರಡೆಯನ್ನೂ ಹಾಕಿಬಿಡುತ್ತದೆ. ಮೂವತ್ತು ಡಿಗ್ರಿಯ ಸುಮಾರಿಗೆ ಒಂದು ತಿಂಗಳಲ್ಲಿ ಹೊಸ ಹುಳ ಹೊರಬೀಳುತ್ತದೆ; ಹದಿನೈದರ ಕೆಳಗೆ ಇಳಿದರೆ ಅದರ ಸಂಸಾರ ಬೆಳೆಯುವುದೇ ನಿಲ್ಲುತ್ತದೆ. ಮಾರ್ಗಶಿರ, ಪುಷ್ಯದ ರಾತ್ರಿಗಳು ನಮ್ಮ ಪರವಾಗಿ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಿದ್ದವು. ರಾತ್ರಿಯೇ ತಣ್ಣಗಾಗದ ವರ್ಷದಲ್ಲಿ ಪಂಚಾಂಗ ನೋಡಿ ಕುಳಿತರೆ ಜೋಳ ಹೇಗೆ ಉಳಿದೀತು?

ಮಾಸ್ತರಿಕೆ ಮಾಡಿ ನಿವೃತ್ತಳಾದವಳಾದ್ದರಿಂದ ಆ ವಾದದ ಬಗ್ಗೆಯೂ ಎರಡು ಮಾತು ಹೇಳದೆ ಬಿಡಲಾರೆ. ಮಗನ ಮಾತು ಸುಳ್ಳಲ್ಲ: ಪೆಸಿಫಿಕ್ ಸಮುದ್ರ ಕಾದಾಗ ಬರುವ ಎಲ್ ನಿನೋ ಎರಡರಿಂದ ಏಳು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ, ಬಂಗಾಳ ಕೊಲ್ಲಿಯ ಮೋಡ ಕವಿದ ವಾರದಲ್ಲಿಯೂ ನಮಗೆ ಚಳಿ ಬೀಳುವುದಿಲ್ಲ. ಒಂದು ದಿನ ಮೊಸರು ಬೇಗ ಹುಳಿಯಾದರೆ ಹೆಪ್ಪು ಹೆಚ್ಚಾಯಿತು ಎನ್ನಬಹುದು. ಪ್ರತಿ ವರ್ಷ ಅದೇ ತಿಂಗಳಲ್ಲಿ, ಅಷ್ಟೇ ಹೆಪ್ಪಿಗೆ, ಮೊದಲಿಗಿಂತ ಬೇಗ ಹುಳಿಯಾಗುತ್ತ ಹೋದರೆ ಅಡುಗೆಮನೆಯೇ ಕಾಯುತ್ತಿದೆ ಎಂದು ತಿಳಿಯಬೇಕಲ್ಲವೆ? ಮೊಮ್ಮಗಳು ಓದಿದ್ದು ಆ ಲೆಕ್ಕವನ್ನೇ. 1901ರಿಂದೀಚೆಗಿನ ಹವಾಮಾನ ಇಲಾಖೆಯ ದಾಖಲೆಯಲ್ಲಿ ದೇಶದ ಅತಿ ಬಿಸಿಯ ವರ್ಷ 2024. ಫೆಬ್ರುವರಿ ತಿಂಗಳ ಹಗಲುಗಳಲ್ಲಿ 2023ರದ್ದಕ್ಕಿಂತ ಬಿಸಿಯಾದದ್ದು ಅದಕ್ಕೆ ಮೊದಲು ಇರಲಿಲ್ಲ. ಕಲ್ಲಿದ್ದಲು ಸುಟ್ಟರೆ ಭೂಮಿ ಕಾಯುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ, ನನ್ನ ಅಜ್ಜಿ ಹುಟ್ಟುವ ಮೊದಲು. ಕಲ್ಲಿದ್ದಲು ಸುಟ್ಟಾಗ ಏಳುವ ಇಂಗಾಲದ ಡೈಆಕ್ಸೈಡ್ ಕೌದಿಯಂತೆ: ಕೌದಿಗೆ ಸ್ವಂತ ಬಿಸಿಯಿಲ್ಲ, ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಕಾರ್ಖಾನೆಗಳ ಕಾಲಕ್ಕೆ ಮೊದಲು 280ರಷ್ಟಿದ್ದ ಆ ಅನಿಲ ಈಗ 420 ದಾಟಿದೆ. ಎಲ್ ನಿನೋ ಬಂದು ಹೋದರೂ ಈ ಕೌದಿ ಮೈಮೇಲೆಯೇ ಇರುತ್ತದೆ. ಮೈದುನರಿಗೆ ಅಂಕಿ ಬೇಡವೆಂದರೆ ಹೊಲ ನೋಡಲಿ. ಎಳ್ಳ ಅಮಾವಾಸ್ಯೆಯ ಸುಮಾರಿಗೆ ಕಡಲೆ ಹೊಲದ ಮೇಲೆ ರಾತ್ರಿ ತೆಳ್ಳನೆಯ ಬಿಳಿ ಅರಿವೆ ಹಾಸಿ, ನಸುಕಿನಲ್ಲಿ ಇಬ್ಬನಿಯೊಂದಿಗೆ ಹಿಂಡಿಕೊಳ್ಳುತ್ತಿದ್ದ ಕಡಲೆ ಹುಳಿ ನಮ್ಮ ಮನೆಯಲ್ಲಿ ಹೊಟ್ಟೆನೋವಿನ ಮದ್ದು. ಈ ಸಲ ಚರಗ ಚೆಲ್ಲಲು ಹೋದಾಗ ಅರಿವೆ ಹಾಸಿದ್ದೆವು. ಹಿಂಡಿದರೆ ಬಟ್ಟಲಿನ ತಳ ಕೂಡ ತೋಯಲಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಮೋಡವಿಲ್ಲದ ಎರಡು ದಿನ ನೋಡಿಕೊಳ್ಳಿ. ಮಾಳಿಗೆಯ ಮೇಲಿನ ತೇವ ಆರಿದ ಮೇಲೆ ಕರಿ ತಾಡಪತ್ರಿ ಹಾಸಿ, ಜೋಳವನ್ನು ಬೆರಳಿನ ಒಂದು ಗೆಣ್ಣಿಗಿಂತ ದಪ್ಪವಾಗದಂತೆ ಹರಡಬೇಕು. ನಮ್ಮವರು ಚೀಲ ಸುರಿದು ಗುಡ್ಡೆಯನ್ನು ಎರಡು ಸಲ ಕಾಲಿನಿಂದ ಒದ್ದು ಕೆಳಗಿಳಿದು ಬರುತ್ತಾರೆ. ಆಗ ಮೇಲಿನ ಹುಳ ಕೆಳಗೆ ಇಳಿದು ತಂಪಾಗಿ ಮಲಗುತ್ತದೆ. ಅರ್ಧ ತಾಸಿಗೊಮ್ಮೆ ಹೋಗಿ ಕೂರಿಗೆಯ ಸಾಲಿನಂತೆ ಬೆರಳಿನಲ್ಲಿ ಗೆರೆ ಎಳೆದು ಹೊರಳಿಸಿ. ಮಧ್ಯಾಹ್ನಕ್ಕೆ ಒಂದು ಹಿಡಿ ಎತ್ತಿದರೆ ಮುಷ್ಟಿಯಲ್ಲಿ ಹಿಡಿದಿರಲಾಗದಂತೆ ಸುಡಬೇಕು, ಒಳಗಿನ ಮರಿ ಸಾಯುವುದು ಆ ಬಿಸಿಗೆ. ಬೀಜದ ಜೋಳವನ್ನು ಮಾತ್ರ ಇಷ್ಟು ಕಾಯಿಸಬೇಡಿ, ಅದರ ದಾರಿ ಬೇರೆ.

ಸಂಜೆ ತುಂಬಿದಿರೋ, ಕೆಟ್ಟಿರಿ. ಬಿಸಿ ಕಾಳನ್ನು ತಗಡಿನ ಪೀಪಾಯಿಗೆ ಸುರಿದು ಮುಚ್ಚಿದರೆ ರಾತ್ರಿ ತಗಡು ತಣ್ಣಗಾಗಿ, ಕಾಳಿನಿಂದ ಎದ್ದ ಆವಿ ಮುಚ್ಚಳದ ಒಳಗೆ ಹನಿಯಾಗಿ, ಆ ಹನಿ ಮೇಲಿನ ಪದರಕ್ಕೆ ಬಿದ್ದು ಬೂಷ್ಟು ಹಿಡಿಯುತ್ತದೆ. ಚಳಿಯಿಲ್ಲದ ಇಂಥದೇ ಒಂದು ವರ್ಷ ನಾನೇ ಅವಸರ ಮಾಡಿ ಒಂದು ಚೀಲ ಜೋಳವನ್ನು ದನಕ್ಕೂ ಹಾಕಲು ಬಾರದಂತೆ ಮಾಡಿದ್ದೇನೆ. ಮೊದಲೆಲ್ಲ ಕಾಳನ್ನು ಒಳಗೆ ಹರಡಿ, ಬೆಳಗಿನ ಐದಕ್ಕೆ ಎದ್ದು ತುಂಬುತ್ತಿದ್ದೆವು. ಕೈ ಜೋಮು ಹಿಡಿಯುವಷ್ಟು ಥಂಡಿ ಇರುತ್ತಿತ್ತು, ಆ ಥಂಡಿಯನ್ನೇ ಪೀಪಾಯಿಗೆ ತುಂಬಿದಂತೆ. ಈ ಸಲ ಐದಕ್ಕೆ ಕೈ ಹಾಕಿದರೆ ಜೋಳ ಇನ್ನೂ ಉಗುರುಬೆಚ್ಚಗಿತ್ತು. ಆದ್ದರಿಂದ ಬಡಗಣ ಕೋಣೆಯ ಬರಿಯ ಫರಸಿಯ ಮೇಲೆ, ಕೆಳಗೆ ಗೋಣಿಯನ್ನೂ ಹಾಸದೆ, ಕಿಟಕಿ ತೆರೆದು ಎರಡು ರಾತ್ರಿ ಬಿಡಿ. ಕಲ್ಲು ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾಳು ಹಲ್ಲಿಗೆ ಸಿಕ್ಕರೆ ಕಟ್ ಎನ್ನಬೇಕು. ಮೆತ್ತಗೆ ಒಡೆದರೆ ಮತ್ತೆ ಬಿಸಿಲಿಗೆ ಹೊರಿ.

ಬೇವಿನ ತಪ್ಪಲು ಎಳೆಯದೂ ಬೇಡ, ಹಳದಿಯಾದದ್ದೂ ಬೇಡ. ನೆರಳಿನಲ್ಲಿ ಒಣಗಿಸಿ, ಮುಷ್ಟಿಯಲ್ಲಿ ಹಿಡಿದರೆ ಸಪ್ಪಳ ಬರಬೇಕು. ಹಸಿ ತಪ್ಪಲು ಹಾಕುವವರು ಕಾಳಿಗೆ ನೀರು ಹಾಕಿದಂತೆ. ಬೂದಿ ಕುಳ್ಳಿನದೇ ಆಗಿರಲಿ, ಪ್ಲಾಸ್ಟಿಕ್ ಚೀಲ ಹಾಕಿ ಹೊತ್ತಿಸಿದ ಒಲೆಯದಲ್ಲ. ಎರಡು ದಿನ ಆರಿಸಿ, ಹಳೆಯ ಧೋತರದಲ್ಲಿ ಮೂರು ಸಲ ಸೋಸಿ. ಎಷ್ಟು ಹಾಕಬೇಕೆಂದು ಕೇಳಿದರೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಹಣೆಯಂತೆ ಕಾಳಿನ ಮೈ ತೆಳ್ಳಗೆ ಬೆಳ್ಳಗಾಗಬೇಕು, ಅಷ್ಟು. ನುಣುಪಾದ ಬೂದಿ ಹುಳದ ಮೈಮೇಲಿನ ಮೇಣವನ್ನು ಕೆರೆದುಹಾಕುತ್ತದೆ, ಮೈಯ ನೀರು ಆರಿ ಅದು ಸಾಯುತ್ತದೆ. ಬೂದಿ ತರಿತರಿಯಾಗಿದ್ದರೆ ಹಾಗೆ ಹತ್ತುವುದಿಲ್ಲ. ಒಂದು ಪದರ ತಪ್ಪಲು, ಒಂದು ಮೊಳ ಜೋಳ, ಮತ್ತೆ ತಪ್ಪಲು, ಹೀಗೆ ಕಂಠದವರೆಗೆ ಒತ್ತಿ ತುಂಬಿ, ಅರಿವೆ ಹಾಸಿ, ಮುಚ್ಚಳದ ಅಂಚಿಗೆ ಮಣ್ಣು ಮೆತ್ತಿ.

ಗಾಳಿಯಾಡದಂತೆ ಮುಚ್ಚುವುದರ ಬೆಲೆ ನನ್ನ ತವರಿನ ಹಗೇವು ನೋಡಿದವರಿಗೆ ಗೊತ್ತು. ಡೋಣಿ ಹೊಳೆಯ ಸೀಮೆ ಅದು, ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ನೆಲದೊಳಗಿನ ಆ ಕುಣಿಗೆ ಕಣಿಕೆ ಒತ್ತಿ, ಜೋಳ ಸುರಿದು, ಬಾಯಿಗೆ ಮಣ್ಣು ಮೆತ್ತಿದರೆ ಕಾಳು ತಾನೇ ಉಸಿರಾಡಿ ಒಳಗಿನ ಗಾಳಿಯನ್ನು ಮುಗಿಸುತ್ತಿತ್ತು, ಹುಳಕ್ಕೆ ಉಸಿರೇ ಸಿಗುತ್ತಿರಲಿಲ್ಲ. ತೆಗೆಯುವ ದಿನ ಬಾಯಿ ತೆರೆದಿಟ್ಟು, ನನ್ನ ತಂದೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಅಂದು ಯಾರೂ ಇಳಿಯುವಂತಿರಲಿಲ್ಲ. ಹಗೇವಿಗೆ ಹೊರಗಿನ ಚಳಿ ಬಂದರೂ ಬಾರದಿದ್ದರೂ ಒಂದೇ. ಮಾಳಿಗೆಯ ಕೆಳಗಿಟ್ಟ ತಗಡಿನ ಪೀಪಾಯಿಗೆ ಹಾಗಲ್ಲ.

ಕೌದಿಗಳ ಮಾತೂ ಬಂತು. ಹೊದೆಯಲಿಲ್ಲವೆಂದು ಅವನ್ನು ಹಾಗೆಯೇ ಟ್ರಂಕಿನಲ್ಲಿ ಬಿಡಬೇಡಿ. ಹೊದೆಯದ ಕೌದಿಗೂ ಮುಗ್ಗಲು ವಾಸನೆ ಬರುತ್ತದೆ. ಕಾಳು ತೆಗೆದ ಮರುದಿನ ಅದೇ ತಾಡಪತ್ರಿಯ ಮೇಲೆ ಒಮ್ಮೆ ಮಗ್ಗುಲು ಬದಲಿಸಿ ಒಣಗಿಸಿದರೆ ಸಾಕು.

ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ತುಂಬಿದ ತಾರೀಖು ಬರೆದು, ಸರಿಯಾಗಿ ಒಂದು ತಿಂಗಳಿಗೆ ತೆಗೆದು ಕೈ ಇಳಿಸಿ ನೋಡಿ. ಬೆಚ್ಚಗಿದ್ದರೆ ಮತ್ತೆ ಮಾಳಿಗೆಗೆ. ಗಿರಣಿಗೆ ಒಯ್ಯುವ ಮೊದಲು ಮೊರದಲ್ಲಿ ಕೇರಿ, ಒದ್ದೆ ಅರಿವೆಯಲ್ಲಿ ತಿಕ್ಕಿ, ಒಣಗಿಸಿ. ಮೊನ್ನೆ ಮೊಮ್ಮಗ ಬೂದಿ ಸಮೇತ ಬೀಸಿಸಿಕೊಂಡು ಬಂದ. ಗಿರಣಿಯವರು ಬೈದು ಕಳಿಸಿದ್ದಾರೆ, ನಮ್ಮ ರೊಟ್ಟಿ ಮೂರು ದಿನ ಬೂದಿ ಬಣ್ಣಕ್ಕಿದ್ದವು, “ಆಯಿ, ಇದೂ ಹವಾಮಾನದ್ದೇ ಏನು?” ಎಂದು ಅವನೇ ಕೇಳಿದ.