ಹುಬ್ಬಳ್ಳಿಯಿಂದ ವಿಮಾನಕ್ಕೆ ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

"ಟಿಕೆಟ್‌ನ್ಯಾಗ ಒಂದು ತಾಸು ಹತ್ತು ನಿಮಿಷ ಅಂತಿತ್ತು, ಮಜೆಸ್ಟಿಕ್ ಮುಟ್ಟೋದ್ರಾಗ ಐದು ತಾಸು ಆತಲ್ಲೋ ತಮ್ಮಾ!" ಬೆಂಗಳೂರಿಗೆ ಹೋಗಿ ಬಂದ ನಮ್ಮ ಕಾಕಾ ಕೇಳಿದ್ದು ಇದು. ಟಿಕೆಟ್ ಸುಳ್ಳು ಹೇಳಿರಲಿಲ್ಲ, ಕಾಕಾ ಅರ್ಧ ಲೆಕ್ಕ ಮಾತ್ರ ನೋಡಿದ್ದರು.

ಮೊದಲು ದೂರ. ಫೋನಿನ ಮ್ಯಾಪ್‌ನಲ್ಲಿ ರಸ್ತೆಯ ದೂರ ನೋಡಬೇಡಿ, ವಿಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ, ದೂರ ಅಳೆಯುವ ಆಯ್ಕೆ ಒತ್ತಿ, ದೇವನಹಳ್ಳಿವರೆಗೆ ಗೆರೆ ಎಳೆಯಿರಿ. ರಸ್ತೆಯಲ್ಲಿ 410 ಕಿ.ಮೀ. ಆಸುಪಾಸು ಇರುವುದು ಇಲ್ಲಿ ಸುಮಾರು 370 ಆಗುತ್ತದೆ.

ದಿಲ್ಲಿಯ ಲೆಕ್ಕವನ್ನಂತೂ ಫೋನ್ ಇಲ್ಲದೆಯೂ ಮಾಡಬಹುದು. ಹುಬ್ಬಳ್ಳಿ ಇರುವುದು 15.4 ಡಿಗ್ರಿ ಅಕ್ಷಾಂಶದಲ್ಲಿ, ದಿಲ್ಲಿ ವಿಮಾನ ನಿಲ್ದಾಣ 28.6ರಲ್ಲಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ 13.2 ಡಿಗ್ರಿಗೆ 1,465 ಆಯಿತು. ದಿಲ್ಲಿ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕೇ ಇದೆ, ಸ್ವಲ್ಪ ಪೂರ್ವಕ್ಕೆ ವಾಲಿದ್ದಕ್ಕೆ ಇನ್ನೊಂದು 15 ಸೇರಿಸಿ 1,480 ಅನ್ನಿ. ಕೆಲವು ಕಡೆ ದೂರವನ್ನು ನಾಟಿಕಲ್ ಮೈಲಿಯಲ್ಲಿ ಕೊಡುತ್ತಾರೆ, ಅದನ್ನು 1.852ರಿಂದ ಗುಣಿಸಿದರೆ ಸಾಕು.

ಈಗ ಹೊತ್ತು. ಜೆಟ್ ವಿಮಾನವಾದರೆ ದೂರವನ್ನು 800ರಿಂದ ಭಾಗಿಸಿ, ಪಂಕ ತಿರುಗುವ ಎಟಿಆರ್ ಆದರೆ 500ರಿಂದ. ದಿಲ್ಲಿಗೆ 1.85 ತಾಸು ಬರುತ್ತದೆ. ಇದನ್ನು 1 ತಾಸು 85 ನಿಮಿಷ ಅಂತ ಓದುವವರನ್ನು ನಾನೇ ನೋಡಿದ್ದೇನೆ! 0.85 ಅನ್ನು 60ರಿಂದ ಗುಣಿಸಿ, 51 ನಿಮಿಷ. ಅದಕ್ಕೆ 30ರಿಂದ 40 ನಿಮಿಷ ಕೂಡಿಸಿ, ಯಾಕಂದ್ರೆ ಟಿಕೆಟ್‌ನ ಹೊತ್ತು ವಿಮಾನ ನಿಂತ ಜಾಗದಿಂದ ಕದಲಿದಾಗಿನಿಂದ ಮತ್ತೆ ಹೋಗಿ ನಿಲ್ಲುವವರೆಗಿನದು, ರನ್‌ವೇಗೆ ಉರುಳಿ ಹೋಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲಾ ಅದರಲ್ಲೇ ಸೇರಿರುತ್ತದೆ. ದಿಲ್ಲಿಗೆ ಎರಡೂವರೆ ತಾಸು ಆಯಿತು ಅಲ್ವಾ?

ವಿದೇಶದ ಟಿಕೆಟ್ ಆದರೆ ಒಂದು ಎಚ್ಚರ. ಹೊರಡುವ, ಮುಟ್ಟುವ ಹೊತ್ತು ಆಯಾ ಊರಿನ ಗಡಿಯಾರದ್ದು. ಬೆಂಗಳೂರಿನಿಂದ 10ಕ್ಕೆ ಹೊರಟು ದುಬೈಯನ್ನು 12.30ಕ್ಕೆ ಮುಟ್ಟುತ್ತದೆ ಅಂತಿದ್ದರೆ ಪಯಣ ನಾಲ್ಕು ತಾಸಿನದು, ದುಬೈ ನಮಗಿಂತ ಒಂದೂವರೆ ತಾಸು ಹಿಂದಿದೆ.

ಇನ್ನು ಕಾಕಾನ ಐದು ತಾಸು. ವಿದ್ಯಾನಗರದಿಂದ ನಿಲ್ದಾಣಕ್ಕೆ 25 ನಿಮಿಷ. ಚೆಕ್-ಇನ್ ಕೌಂಟರ್ ಒಂದು ತಾಸು ಮುಂಚೆಯೇ ಮುಚ್ಚುತ್ತದೆ ಅಂತ ಒಂದೂವರೆ ತಾಸು ಮೊದಲೇ ಹೋಗಿದ್ದರು. ಹಾರಾಟ 70 ನಿಮಿಷ, ಬ್ಯಾಗಿಗೆ ಕಾದದ್ದು ಅರ್ಧ ತಾಸು, ದೇವನಹಳ್ಳಿಯಿಂದ ಮಜೆಸ್ಟಿಕ್‌ಗೆ 80 ನಿಮಿಷ. ಕೂಡಿಸಿ ನೋಡಿ. ಧಾರವಾಡ, ಗದಗ, ಹಾವೇರಿಯವರು ಹುಬ್ಬಳ್ಳಿಗೆ ಬರುವ ಹೊತ್ತನ್ನೂ ಹಚ್ಚಬೇಕು.

2023ರಿಂದ ಓಡುತ್ತಿರುವ ವಂದೇ ಭಾರತ್ ಹುಬ್ಬಳ್ಳಿಯಿಂದ ಆರು ತಾಸಿಗಿಂತ ತುಸು ಹೆಚ್ಚಿನ ಹೊತ್ತಿನಲ್ಲಿ ಬೆಂಗಳೂರು ಮುಟ್ಟಿಸುತ್ತದೆ. ಕೆಲಸ ಮಜೆಸ್ಟಿಕ್ ಕಡೆ ಇದ್ದರೆ ನಾನಂತೂ ರೈಲಿಗೇ ಹೋಗುತ್ತೇನೆ, ಯಲಹಂಕದ ಕಡೆ ಇದ್ದರೆ ವಿಮಾನ. ವಾಪಸ್ ಬರುವಾಗ ಸಂಜೆಯ ವಿಮಾನವಿದ್ದರೆ ಹೆಬ್ಬಾಳದ ಟ್ರಾಫಿಕ್ಕಿಗೆ ಇನ್ನೊಂದು ಮುಕ್ಕಾಲು ತಾಸು ಜಾಸ್ತಿ ಇಟ್ಟುಕೊಳ್ಳಿ.