ಆದಿವಾಸಿ ಹೆಣ್ಣುಮಕ್ಕಳು ಪ್ರೌಢಶಾಲೆ ತಲುಪುವಂತೆ ಮಾಡುವುದು ಹೇಗೆ?

ಆದಿವಾಸಿ ಹುಡುಗಿಯರ ಓದು ನಿಲ್ಲುವ ಅಪಾಯ ಹೆಚ್ಚಿರುವುದು ಹತ್ತಿರದ ಪ್ರಾಥಮಿಕ ಶಾಲೆ ಮುಗಿದು ದೂರದ ಪ್ರೌಢಶಾಲೆಗೆ ಹೋಗಬೇಕಾದ ಹೊತ್ತಿನಲ್ಲಿ. ಆದ್ದರಿಂದ ಈ ಕೆಲಸಕ್ಕೆ ಕೈಹಾಕುವ ಶಿಕ್ಷಕರು ಅಥವಾ ಸಂಘದವರು ಮೊದಲು ಆ ಹಂತದಲ್ಲಿರುವ ಪ್ರತಿ ಹುಡುಗಿಯ ಹೆಸರು, ಮುಂದಿನ ಶಾಲೆಗಿರುವ ದೂರ, ಮನೆಮಾತು ಮತ್ತು ಮನೆಯವರು ಹೇಳುವ ತೊಡಕುಗಳನ್ನು ಬರೆದುಕೊಳ್ಳಬೇಕು. ಹಾಜರಿ ಪುಸ್ತಕವೊಂದನ್ನೇ ನೆಚ್ಚಿಕೊಳ್ಳಬಾರದು. ಹೆಸರು ದಾಖಲಾಗಿದ್ದೂ ಕುಟುಂಬದೊಂದಿಗೆ ಗುಳೆ ಹೋದವರು ಎಲ್ಲಿದ್ದಾರೆಂಬುದನ್ನು ಅದು ಹೇಳುವುದಿಲ್ಲ. ಪಟ್ಟಿಯಲ್ಲಿ ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಕಾರಣ ಕಂಡರೆ ಮತ್ತೊಮ್ಮೆ ಮನೆಗೆ ಹೋಗಿ ವಿಚಾರಿಸಿ. ಅರ್ಥವಾಗದ ಭಾಷೆ, ತರಗತಿಯಲ್ಲಿ ಕೇಳಿದ ಹೀನಾಯದ ಮಾತು, ಬಾಗಿಲಿಲ್ಲದ ಶೌಚಾಲಯ, ನಿಶ್ಚಯವಾದ ಮದುವೆ, ಇವೆಲ್ಲವೂ ಆ ಒಂದು ಮಾತಿನ ಹಿಂದೆ ಅಡಗಿರಬಹುದು.

ದೂರವೇ ತೊಡಕಾದರೆ ಮೊದಲು ವಾಹನದ ಏರ್ಪಾಟನ್ನು ಯೋಚಿಸಿ. ಬಿಹಾರ ಸರ್ಕಾರ 2006ರಲ್ಲಿ ಹುಡುಗಿಯರಿಗೆ ಬೈಸಿಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆ ಗಮನಾರ್ಹವಾಗಿ ಏರಿತು. ವಸತಿ ನಿಲಯ ಅನಿವಾರ್ಯವಾದಲ್ಲಿ ಮಾತ್ರ ಅದರತ್ತ ಹೊರಳುವುದು ಮೇಲು. ಕೆನಡಾದಲ್ಲಿ ಆದಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ನುಡಿಯನ್ನು ಹತ್ತಿಕ್ಕಿದ ವಸತಿ ಶಾಲೆಗಳನ್ನು ಅಲ್ಲಿನ ಸತ್ಯ ಮತ್ತು ಸಮನ್ವಯ ಆಯೋಗವು 2015ರಲ್ಲಿ ಸಾಂಸ್ಕೃತಿಕ ನರಮೇಧವೆಂದೇ ಕರೆಯಿತು. ಆ ನೆನಪಿರುವ ಸಮುದಾಯ ಹಾಸ್ಟೆಲನ್ನು ಅನುಮಾನದಿಂದ ನೋಡಿದರೆ ಅದು ಹಿಂದುಳಿದಿರುವಿಕೆಯಲ್ಲ. ಹುಡುಗಿಯರ ಭಾಷೆ ಬಲ್ಲ ಮಹಿಳಾ ವಾರ್ಡನ್, ಹಬ್ಬಕ್ಕೆ ಮನೆಗೆ ಹೋಗಲು ರಜೆ, ತಂದೆತಾಯಿ ಬಂದು ನೋಡಲು ಅವಕಾಶ, ನಿಲಯದ ಸಿಬ್ಬಂದಿಗೆ ಸೇರದ ಒಬ್ಬರ ಬಳಿ ದೂರು ಹೇಳಿಕೊಳ್ಳುವ ದಾರಿ, ಇಷ್ಟನ್ನು ಮಗಳನ್ನು ಕಳುಹಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಭಾಷೆಯ ಕೆಲಸ ನಿಧಾನದ್ದು. ಆದಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯ 14ನೆಯ ವಿಧಿಯು ಅವರು ತಮ್ಮ ಭಾಷೆಯಲ್ಲೇ ಶಿಕ್ಷಣ ನೀಡುವ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಮಾನ್ಯ ಮಾಡಿದೆ. ಅಂಥ ಶಾಲೆ ಸದ್ಯಕ್ಕೆ ಆಗದಿದ್ದರೂ ಸಮುದಾಯದ ಒಬ್ಬ ಮಹಿಳೆಯನ್ನು ಸಹಾಯಕ ಶಿಕ್ಷಕಿಯಾಗಿ, ಸಂಬಳ ಕೊಟ್ಟು, ಕೆಳಗಿನ ತರಗತಿಗಳಲ್ಲಿ ನೇಮಿಸಿಕೊಳ್ಳಬಹುದು. ಓದುಬರಹ ಮನೆಮಾತಿನಲ್ಲಿ ಆರಂಭವಾಗಿ, ಶಾಲೆಯ ಭಾಷೆ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಸೇರಿಕೊಳ್ಳಲಿ.

ಜನನ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿಗಳನ್ನು ಶಾಲೆ ತೆರೆಯುವ ಮೊದಲೇ ಮುಗಿಸಿಡಿ. ದಾಖಲಾತಿಯ ಬಳಿಕ ಹುಡುಗಿ ಸತತವಾಗಿ ಒಂದು ವಾರ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವವರು ಯಾರೆಂಬುದನ್ನೂ ಆಗಲೇ ಗೊತ್ತುಮಾಡಿ, ಆ ಹೆಸರನ್ನು ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಬರೆದಿಡಬೇಕು.