ಹಳೆಯ ಮನೆಗೆ ದೀಪಗಳನ್ನು ಒಯ್ಯುವ ಮುನ್ನ

ದೀಪ ಕೂಡಿಸುವ ಹುಚ್ಚಿರುವವರು ನೂರು ವರ್ಷದ ಮನೆಗೆ ಹೋಗುತ್ತಿದ್ದೀರಾ? ಮೊದಲು ಅಲ್ಲಿನ ವೈರಿಂಗ್ ಚೆಕ್ ಮಾಡಿಸಿ, ಆಮೇಲೆ ಪೆಟ್ಟಿಗೆ ಬಿಚ್ಚಿ. ರಬ್ಬರ್ ಹೊದಿಕೆಯ ಹಳೆಯ ವೈರ್ ಒಣಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಎಷ್ಟೋ ಕಡೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್, ಇರುವುದೇ ಇಲ್ಲ. ಹಿತ್ತಾಳೆ ದೀಪಕ್ಕೆ ಅದು ಬೇಕೇ ಬೇಕು.

ದೀಪಗಳನ್ನೂ ಬಿಡಬೇಡಿ. ಹೊಸದಾಗಿ ಬಂದ ವಾರ ನಾನು ಒಂದು ಟೇಬಲ್ ಲ್ಯಾಂಪ್ ತಲೆಕೆಳಗು ಮಾಡಿ ನೋಡಿದೆ. ವೈರ್ ಒಳಗೆ ಹೋಗುವ ತೂತಿನ ಅಂಚು ಹರಿತವಾಗಿತ್ತು. ಬಟ್ಟೆ ಹೊದಿಕೆ ಸವೆದು ತಾಮ್ರದ ಎಳೆ ಹೊಳೆಯುತ್ತಿತ್ತು. ಎದೆ ಝಲ್ ಎಂದಿತು. ಈಗ ಎಲ್ಲ ದೀಪಕ್ಕೂ ಹೊಸ ವೈರ್, ತೂತಿನ ಅಂಚಿಗೆ ವೈರ್ ಉಜ್ಜದಂತೆ ರಬ್ಬರ್ ಬುಶ್ (ಬಳೆ) ಹಾಕಿಸಿದ್ದೇನೆ.

60 ವ್ಯಾಟ್ ಬಲ್ಬ್ ಬದಲು 8 ವ್ಯಾಟಿನ, 2700 ಕೆಲ್ವಿನ್ ಎಲ್‌ಇಡಿ ಹಾಕಿ. ಅದೇ ಬೆಚ್ಚನೆಯ ಹಳದಿ ಬೆಳಕು, ಬಿಸಿ ತುಂಬಾ ಕಡಿಮೆ. ಹಳೆಯ ಹೋಲ್ಡರ್, ಬಟ್ಟೆಯ ಶೇಡ್ ಎರಡೂ ಉಳಿಯುತ್ತವೆ.

ಸೀಮೆಎಣ್ಣೆ ದೀಪವಾದರೆ ಸಾಗಿಸುವ ಮೊದಲೇ ಎಣ್ಣೆ ಪೂರ್ತಿ ಖಾಲಿ ಮಾಡಿ, ಗಾಜಿನ ಚಿಮಣಿಯನ್ನು ಬೇರೆಯಾಗಿ ಸುತ್ತಿ. ಹಳೆಯ ಗ್ಯಾಸ್ ಮ್ಯಾಂಟಲ್‌ಗಳಲ್ಲಿ (ಗ್ಯಾಸ್‌ಲೈಟಿನಲ್ಲಿ ಉರಿಯ ಮೇಲೆ ಬೆಳಗುವ ಬಲೆಯ ಚೀಲ) ಥೋರಿಯಂ ಎಂಬ ವಿಕಿರಣಶೀಲ ಲೋಹ ಇರುತ್ತಿತ್ತು, ಅದರ ಪುಡಿ ಮೂಗಿಗೆ ಹೋಗದಂತೆ ಜೋಪಾನ.

ಭಾರದ ತೂಗುದೀಪವನ್ನು ಸುಣ್ಣದ ಗಾರೆಗೆ ಸುಮ್ನೆ ಮೊಳೆ ಹೊಡೆದು ನೇತುಹಾಕಬೇಡಿ, ಕಿತ್ತು ಬರುತ್ತದೆ. ಮರದ ತೊಲೆಗೇ ಕೊಕ್ಕೆ ಹಾಕಿಸಿ. ಅದಕ್ಕೂ ಮೊದಲು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ಹಿಡಿದಿರಬಹುದು, ಬಡಗಿಯನ್ನು ಕರೆಸಿ.